ಮರಳಿನಲ್ಲಿ ಕೈಯಾಡಿಸಿದರೆ ಅಕ್ಷರ ಬರುತ್ತದಾ?

ಪ್ರಶ್ನೆ: ನನ್ನ ಮಗನಿಗೆ ನಾಲ್ಕೂವರೆ ವರ್ಷ. ಆಟಿಸಂ ಇದೆ ಅಂತ ಕಳೆದ ವರ್ಷ ಗೊತ್ತಾಯಿತು. ಮಾತು ಕಮ್ಮಿ, ಎಂಟು ಹತ್ತು ಪದ ಅಷ್ಟೇ. ‘ಇಂಥ ಮಕ್ಕಳು ಮುಟ್ಟಿಯೇ ಕಲಿಯೋದು’ ಎಂದು ಎಲ್ಲರೂ ಹೇಳಿದ್ದರಿಂದ ಮನೆಯ ಒಂದು ಮೂಲೆಯನ್ನು ಇದಕ್ಕೇ ಇಟ್ಟಿದ್ದೇನೆ. ಮರಳಿನ ಟ್ರೇ, ಮರಳು ಕಾಗದದಲ್ಲಿ ಕತ್ತರಿಸಿದ ಅಕ್ಷರಗಳು, ಕ್ಲೇ, ಬಣ್ಣ, ಎಣಿಸಲು ಪ್ಲಾಸ್ಟಿಕ್ ಪ್ರಾಣಿಗಳು, ನೀರಿಗೆ ಹಾಕಿದರೆ ಊದುವ ಮಣಿಗಳು, ಎಲ್ಲ ಇವೆ. ಆರು ತಿಂಗಳಾಯಿತು. ಅವನು ಮರಳನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಸುರಿಯುತ್ತಾ ಅರ್ಧ ಗಂಟೆ ಕೂರುತ್ತಾನೆ. ಅಕ್ಷರ ತಿದ್ದಿಸಲು ಹೋದರೆ ಎದ್ದು ಹೋಗುತ್ತಾನೆ. ಒದ್ದೆ ಬಣ್ಣವೋ ಅಂಟೋ ಕೈಗೆ ತಾಗಿದರೆ ಚೀರುತ್ತಾನೆ. ‘ಕೈ ಹಿಡಿದು ಅದ್ದಿಸಿ, ನಾಲ್ಕು ದಿನ ಅಳ್ತಾನೆ, ಆಮೇಲೆ ಸರಿಹೋಗುತ್ತೆ’ ಅಂತ ಅವನ ಟೀಚರ್ ಹೇಳುತ್ತಾರೆ. ಸಿಕ್ಕಿದ್ದನ್ನೆಲ್ಲ ಬಾಯಿಗೂ ಹಾಕುತ್ತಾನೆ. ಮನೆಯವರು ‘ಇದೆಲ್ಲ ಬರೀ ಆಟ, ಪೆನ್ಸಿಲ್ ಕೊಡು’ ಅಂತಾರೆ. ನಾನು ಮಾಡುತ್ತಿರುವುದರಲ್ಲಿ ಅರ್ಥ ಇದೆಯಾ? ನಿಲ್ಲಿಸಿಬಿಡಲಾ?

ಉತ್ತರ: ಮುಂದೆ ಓದುವ ಮೊದಲು ಒಂದು ಕೆಲಸ ಮಾಡಿ. ಆ ಊದುವ ಮಣಿಗಳನ್ನು ಈಗಲೇ ಒಂದು ಚೀಲಕ್ಕೆ ಹಾಕಿ, ಗಂಟು ಕಟ್ಟಿ ಕಸಕ್ಕೆ ಹಾಕಿ. ಮೇಲಿನ ಕಪಾಟಿನಲ್ಲಿ ಎತ್ತಿಡುವುದು ಸಾಲದು. ಒಣಗಿದಾಗ ಅವು ಸಾಸಿವೆಯಷ್ಟು ಸಣ್ಣ. ನುಂಗಿದರೆ ಹೊಟ್ಟೆಯ ಒಳಗೂ ನೀರು ಹೀರಿ ಊದುತ್ತವೆ, ಕರುಳನ್ನೇ ಮುಚ್ಚಬಲ್ಲವು. ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಹೀಗಾಗಿ ಮಾತು ಬಾರದ ಮಗುವಿಗೆ ಏನಾಗಿದೆ ಎಂದು ಡಾಕ್ಟರಿಗೂ ಬೇಗ ತಿಳಿಯುವುದಿಲ್ಲ. ಒಂದು ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ವಾಂತಿ ಶುರುವಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ, ‘ಊದುವ ಮಣಿ’ ಅಂತ ಬಾಯಿಬಿಟ್ಟು ಹೇಳಿ. ಎಲ್ಲ ಸಿಕ್ಕಿದ್ದನ್ನೂ ಬಾಯಿಗೆ ಹಾಕುವ ಮಗು ಇರುವ ಮನೆಯಲ್ಲಿ ಅವು ಇರಲೇಬಾರದು.

ಆಯ್ತಾ? ಈಗ ನಿಮ್ಮ ಪ್ರಶ್ನೆಗೆ ಬರೋಣ.

ನಿಮ್ಮ ಪತ್ರದಲ್ಲಿ ನನಗೆ ಕಂಡದ್ದು ಎರಡು ಚಿಂತೆ, ಒಂದರೊಳಗೊಂದು ಸಿಕ್ಕಿಕೊಂಡಿವೆ. ಮಗ ಈ ಸಾಮಾನುಗಳಿಂದ ಏನಾದರೂ ಕಲಿಯುತ್ತಿದ್ದಾನಾ ಎಂಬುದು ಒಂದು. ಅವನಿಗೆ ಇವುಗಳಲ್ಲಿ ಕೆಲವು ಯಾಕೆ ಇಷ್ಟು ಹಿತ, ಕೆಲವು ಯಾಕೆ ಇಷ್ಟು ಹಿಂಸೆ ಎಂಬುದು ಇನ್ನೊಂದು. ಮಕ್ಕಳ ಆಕ್ಯುಪೇಷನಲ್ ಥೆರಪಿಯಲ್ಲಿ, ಅಂದರೆ ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆಯಲ್ಲಿ, ಇಷ್ಟು ವರ್ಷ ಕೆಲಸ ಮಾಡಿದ ಮೇಲೆ ನನಗೆ ಅನಿಸುವುದು ಇಷ್ಟು: ಮನೆಗಳಲ್ಲೂ ತರಗತಿಗಳಲ್ಲೂ ಎಡವಟ್ಟಾಗುವುದು ಒಂದೇ ಮರಳಿನಿಂದ ಎರಡು ಕೆಲಸ ಒಟ್ಟಿಗೆ ಮಾಡಿಸಲು ಹೋದಾಗ. ಮರಳು ಸುರಿಯುತ್ತಾ ನಿಮ್ಮ ಮಗ ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳುತ್ತಿದ್ದಾನೆ. ಅದೇ ಹೊತ್ತಿಗೆ ನೀವು ಅದೇ ಮರಳಿನಲ್ಲಿ ಅಕ್ಷರ ಬರೆಸಲು ಹೋಗುತ್ತೀರಿ. ಅವನ ಕಡೆಯಿಂದ ನೋಡಿ. ದಿನವಿಡೀ ದುಡಿದು ಬಂದು, ಕಾಲು ಚಾಚಿ ಹಾಡು ಕೇಳುತ್ತಾ ಕೂತಿದ್ದೀರಿ. ಯಾರೋ ಬಂದು ‘ಈ ಹಾಡಿನ ರಾಗ ಯಾವುದು ಹೇಳಿ’ ಅಂತ ಪರೀಕ್ಷೆ ಶುರು ಮಾಡಿದರೆ ನೀವೂ ಎದ್ದು ಹೋಗುತ್ತೀರಿ, ಅಲ್ವಾ?

ಹಾಗಾಗಿ ಮೊದಲ ಬದಲಾವಣೆ ತೀರಾ ಸರಳ. ಸುರಿಯುವ ಮರಳು ಬೇರೆ, ಅಕ್ಷರದ ಮರಳು ಬೇರೆ. ಟ್ರೇಯ ಬಣ್ಣ ಬೇರೆ ಇರಲಿ, ಕೂರುವ ಜಾಗವೂ ಬೇರೆ ಇರಲಿ. ಅಕ್ಷರದ ಟ್ರೇಯಲ್ಲಿ ಮರಳು ಬೆರಳಿನ ಉಗುರಿನಷ್ಟೇ ದಪ್ಪ ಇರಲಿ, ಲೋಟ ಇರುವುದೇ ಬೇಡ. ಸುರಿಯಲು ಆಗದಷ್ಟು ಕಮ್ಮಿ ಮರಳಿದ್ದರೆ ಅದು ತಾನಾಗಿಯೇ ಬರೆಯುವ ಹಲಗೆ ಆಗುತ್ತದೆ.

ಇನ್ನು ‘ಇಂಥ ಮಕ್ಕಳು ಮುಟ್ಟಿಯೇ ಕಲಿಯೋದು’ ಎಂಬ ಮಾತು. ಇದರಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಇದು ಸಾಯುವುದಿಲ್ಲ. ಒಂದು ಮಗು ಕಣ್ಣಿನಿಂದ ಕಲಿಯುವ ಜಾತಿ, ಇನ್ನೊಂದು ಕಿವಿಯಿಂದ, ಮತ್ತೊಂದು ಕೈಯಿಂದ, ಆಯಾ ಮಗುವಿಗೆ ಆಯಾ ದಾರಿಯಲ್ಲೇ ಕಲಿಸಿದರೆ ಚೆನ್ನಾಗಿ ಕಲಿಯುತ್ತದೆ ಎಂಬ ನಂಬಿಕೆ ಬಹಳ ಹರಡಿದೆ. 2008ರಲ್ಲಿ ಮನಶ್ಶಾಸ್ತ್ರಜ್ಞರ ತಂಡವೊಂದು ಅಲ್ಲಿಯವರೆಗಿನ ಸಂಶೋಧನೆಗಳನ್ನೆಲ್ಲ ಜಾಲಾಡಿ, ಇದಕ್ಕೆ ಸರಿಯಾದ ಪುರಾವೆ ಇಲ್ಲ ಎಂದು ಹೇಳಿತು. ಆದರೆ ಎಲ್ಲ ಚಿಕ್ಕ ಮಕ್ಕಳಿಗೂ ಕೈಯಿಂದ ಶುರು ಮಾಡುವುದು ಅನುಕೂಲ ಎಂಬುದು ನಿಜ. ಭಾಷೆ ತಡವಾಗಿರುವ ಮಗುವಿಗೆ ಇನ್ನೂ ಅನುಕೂಲ. ಯಾಕೆಂದರೆ ‘ಒರಟು’ ಎಂಬ ಪದವನ್ನು ಮಾತಿನಲ್ಲಿ ವಿವರಿಸಲು ಇನ್ನಷ್ಟು ಪದ ಬೇಕು. ಕೈಗೆ ಕೊಟ್ಟರೆ ಬೇಡ.

ಈ ದಾರಿ ಹೊಸದೂ ಅಲ್ಲ. 1800ರ ಸುಮಾರಿಗೆ ಫ್ರಾನ್ಸಿನಲ್ಲಿ ಇಟಾರ್ ಎಂಬ ವೈದ್ಯರು ಕಾಡಿನಲ್ಲಿ ಸಿಕ್ಕ, ಮಾತು ಬಾರದ ವಿಕ್ಟರ್ ಎಂಬ ಹುಡುಗನಿಗೆ ಕಲಿಸಲು ಕೂತರು. ಅವರ ಶಿಷ್ಯ ಸೆಗ್ವಾಂ ಬುದ್ಧಿ ಬೆಳವಣಿಗೆ ನಿಧಾನವಿದ್ದ ಮಕ್ಕಳಿಗಾಗಿ ಆ ಕೆಲಸವನ್ನು ಬೆಳೆಸಿದರು. ಇವರಿಬ್ಬರನ್ನೂ ಓದಿಕೊಂಡ ಮಾರಿಯಾ ಮಾಂಟೆಸರಿ ರೋಮ್‌ನಲ್ಲಿ ಮೊದಲು ಕೆಲಸ ಮಾಡಿದ್ದೂ ಇಂಥ ಮಕ್ಕಳ ಜೊತೆಗೇ. 1907ರಲ್ಲಿ ಅವರು ‘ಮಕ್ಕಳ ಮನೆ’ ಎಂಬ ತಮ್ಮ ಶಾಲೆಯನ್ನು ತೆರೆದದ್ದು ಅದಾದ ಮೇಲೆ. ನಿಮ್ಮ ಮನೆಯ ಮರಳು ಕಾಗದದ ಅಕ್ಷರಗಳ ವಂಶವೃಕ್ಷ ಇದು.

ವಿಕ್ಟರನ ಒಂದು ಕಥೆ ಹೇಳುತ್ತೇನೆ, ನಿಮ್ಮ ಪ್ರಶ್ನೆಗೆ ನೇರ ಸಂಬಂಧ ಇದೆ. ಇಟಾರ್ ಅವನಿಗೆ ಕೈಯಲ್ಲಿ ಹಿಡಿಯುವ ಬಿಡಿ ಅಕ್ಷರಗಳನ್ನು ಕೊಟ್ಟು ‘ಹಾಲು’ ಎಂಬುದಕ್ಕಿರುವ ಫ್ರೆಂಚ್ ಪದವನ್ನು ಜೋಡಿಸಲು ಕಲಿಸಿದರು. ನಾಲ್ಕೇ ಅಕ್ಷರ. ಹುಡುಗ ಜೋಡಿಸಿದ. ಆದರೆ ಇಟಾರ್‌ಗೆ ಸಮಾಧಾನವಾಗಲಿಲ್ಲ. ಅವನು ಜೋಡಿಸುತ್ತಿದ್ದದ್ದು ಹಾಲು ಬಂದಾಗ, ಹಾಲು ಕೇಳುವುದಕ್ಕಾಗಿ ಅಲ್ಲ ಎಂದು ಅವರಿಗೆ ಅನಿಸಿತು. ಕೆಲವು ದಿನ ಕಳೆದ ಮೇಲೆ ಹುಡುಗ ತಾನಾಗಿಯೇ ಆ ನಾಲ್ಕು ಅಕ್ಷರಗಳನ್ನು ತೆಗೆದುಕೊಂಡು ಹೊರಟ. ತನಗೆ ಹಾಲು ಕೊಡುತ್ತಿದ್ದ ಇನ್ನೊಬ್ಬರ ಮನೆಗೆ ಹೋದಾಗ ಮೇಜಿನ ಮೇಲೆ ಜೋಡಿಸಿಟ್ಟ.

ಮಗ ಕಲಿಯುತ್ತಿದ್ದಾನಾ ಎಂದು ನೋಡುವ ಕ್ರಮವೂ ಇದೇ. ಟ್ರೇ ಮುಂದೆ ಕೂತಾಗ ಏನು ಮಾಡುತ್ತಾನೆ ಎಂಬುದು ಅಷ್ಟು ಮುಖ್ಯವಲ್ಲ. ಮರುದಿನ ಬೆಳಗ್ಗೆ, ಬೇರೆ ಕೋಣೆಯಲ್ಲಿ, ಮರಳೂ ಇಲ್ಲದೆ ಮರಳು ಕಾಗದವೂ ಇಲ್ಲದೆ, ಸುಮ್ನೆ ಒಂದು ಕಾಗದದ ಮೇಲೆ ‘ರ’ ಮತ್ತು ‘ಸ’ ಬರೆದಿಟ್ಟು ‘ರ ಎಲ್ಲಿ?’ ಅಂತ ಕೇಳಿ. ಮಾತು ಬೇಡ, ಕಣ್ಣಲ್ಲಿ ತೋರಿಸಿದರೂ ಸಾಕು. ಎರಡೇ ಆಯ್ಕೆ ಇರುವಾಗ ಅದೃಷ್ಟದಿಂದಲೂ ಅರ್ಧ ಸರಿಯಾಗುತ್ತದೆ. ಆದ್ದರಿಂದ ಜಾಗ ಅದಲುಬದಲು ಮಾಡುತ್ತಾ ಮೂರು ನಾಲ್ಕು ದಿನ, ದಿನಕ್ಕೆ ಎರಡೋ ಮೂರೋ ಸಲ ಕೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆರು ತಿಂಗಳಿಂದ ನೀವು ಈ ಲೆಕ್ಕ ಇಟ್ಟಿಲ್ಲದಿದ್ದರೆ, ಅವನು ಏನೂ ಕಲಿತಿಲ್ಲ ಎಂದು ಈಗಲೇ ತೀರ್ಮಾನಿಸಲು ಆಗುವುದಿಲ್ಲ. ಕಲಿತಿದ್ದಾನೆ ಎಂದೂ ಹೇಳಲಾಗುವುದಿಲ್ಲ.

ಈಗ ಚೀರಾಟದ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ನಾನೇ ಇಲ್ಲಿ ಒಮ್ಮೆ ತಪ್ಪು ಮಾಡಿದ್ದೇನೆ.

ಸದ್ದು, ಬೆಳಕು, ಸ್ಪರ್ಶಕ್ಕೆ ಅತಿಯಾಗಿ ಅಥವಾ ತೀರಾ ಕಮ್ಮಿಯಾಗಿ ಪ್ರತಿಕ್ರಿಯೆ ತೋರಿಸುವುದು ಆಟಿಸಂನ ಲಕ್ಷಣಗಳಲ್ಲಿ ಒಂದು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ 2013ರಿಂದ ಇದನ್ನು ಅಧಿಕೃತವಾಗಿಯೇ ಸೇರಿಸಿದ್ದಾರೆ. ಅಂದರೆ ನಿಮ್ಮ ಮಗನದು ಹಟವೂ ಅಲ್ಲ, ನಾಟಕವೂ ಅಲ್ಲ. ಒಣ ಮರಳು ಹಿತ, ಅಂಟು ಹಿಂಸೆ ಎಂಬುದು ಕೇಳಲು ವಿಚಿತ್ರ. ಆದರೆ ಎರಡರ ವ್ಯತ್ಯಾಸ ನೋಡಿ. ಮರಳು ಕೈಯಿಂದ ಜಾರಿ ಹೋಗುತ್ತದೆ. ಕೈ ಎತ್ತಿದರೆ ಮುಗಿಯಿತು. ಅಂಟು ಹಾಗಲ್ಲ, ಕೈ ಎತ್ತಿದರೂ ಜೊತೆಗೇ ಬರುತ್ತದೆ. ಒಣಗುತ್ತಾ ಚರ್ಮವನ್ನು ಎಳೆಯುತ್ತದೆ. ಅದು ಯಾವಾಗ ಮುಗಿಯುತ್ತದೆ ಎಂದು ಮಗುವಿಗೆ ಗೊತ್ತಿಲ್ಲ, ಕೇಳಲು ಮಾತೂ ಇಲ್ಲ. ಹಗುರವಾಗಿ ಸವರುವ ಸ್ಪರ್ಶ ಇಂಥ ಎಷ್ಟೋ ಮಕ್ಕಳಿಗೆ ಕಿರಿಕಿರಿ. ಗಟ್ಟಿಯಾಗಿ ಒತ್ತುವುದು ಹಿತ.

ಕೆಲಸ ಶುರು ಮಾಡಿದ ಹೊಸದರಲ್ಲಿ ಐದು ವರ್ಷದ ಒಬ್ಬ ಹುಡುಗನ ಕೈಯನ್ನು ನಾನು ಒದ್ದೆ ಜೇಡಿಮಣ್ಣಿಗೆ ಒತ್ತಿದ್ದೆ. ನಿಮ್ಮ ಮಗನ ಟೀಚರ್ ಹೇಳುವ ಹಾಗೆಯೇ ನನಗೂ ಯಾರೋ ಹೇಳಿಕೊಟ್ಟಿದ್ದರು. ಅವನು ಅಳಲೇ ಇಲ್ಲ. ಸ್ತಬ್ಧನಾಗಿ ಕೂತ. ‘ನೋಡಿ, ಹೊಂದಿಕೊಂಡ’ ಅಂತ ನಾನು ಅವನ ತಾಯಿಗೆ ಹೆಮ್ಮೆಯಿಂದ ಹೇಳಿದೆ. ಮುಂದಿನ ವಾರ ಬಾಗಿಲಲ್ಲಿ ನನ್ನನ್ನು ಕಂಡವನೇ ಎರಡೂ ಕೈಯನ್ನು ಅಂಗಿಯೊಳಗೆ ಸೇರಿಸಿಕೊಂಡ. ಆ ಕೈಗಳು ಮತ್ತೆ ನನ್ನ ಮುಂದೆ ಹೊರಗೆ ಬರಲು ಮೂರು ತಿಂಗಳು ಬೇಕಾಯಿತು. ಮಗು ಸುಮ್ಮನಾಯಿತು ಅಂದರೆ ಹೊಂದಿಕೊಂಡಿದೆ ಅಂತಲೇ ಅರ್ಥ ಅಲ್ಲ. ಬೆರಳುಗಳನ್ನು ಬಿಡಿಬಿಡಿಯಾಗಿ ಅಗಲಿಸುವುದು, ಮುಖ ಪಕ್ಕಕ್ಕೆ ತಿರುಗಿಸುವುದು, ಕಾರಣವಿಲ್ಲದ ಆಕಳಿಕೆ, ಓಕರಿಕೆ, ಅಳತೆ ಮೀರಿದ ನಗು, ಇವೆಲ್ಲ ‘ಸಾಕು’ ಎಂಬುದಕ್ಕಿರುವ ಪದಗಳೇ.

ಹಾಗಾದರೆ ಅಂಟು, ಬಣ್ಣ ಮುಟ್ಟಿಸುವುದೇ ಬೇಡವಾ? ಮುಟ್ಟಲೇಬೇಕು ಎಂಬ ನಿಯಮವೇನೂ ಇಲ್ಲ. ಅಂಟಿಗೆ ಕೈ ಹಾಕದೆಯೂ ಜನ ಬದುಕುತ್ತಾರೆ. ಆದರೆ ಸೋಪು, ಎಣ್ಣೆ, ಊಟ ಇವಕ್ಕೂ ಕೈ ಹಿಂದೆ ಹೋಗುತ್ತಿದ್ದರೆ ನಿಧಾನವಾಗಿ ದಾರಿ ಮಾಡಬೇಕು. ಮೊದಲು ಬ್ರಷ್ ಇರಲಿ, ಉದ್ದ ಹಿಡಿಯದ್ದು. ಆಮೇಲೆ ಗಿಡ್ಡ ಹಿಡಿಯದ್ದು. ಬಣ್ಣವನ್ನು ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಮುಚ್ಚಿ, ಅಂಚಿಗೆ ಟೇಪ್ ಹಚ್ಚಿ ಕೊಡಿ. ಮೇಲಿಂದ ಒತ್ತಿದರೆ ಒಳಗೆ ಬಣ್ಣ ಸರಿಯುತ್ತದೆ, ಕೈ ಒಣಗಿಯೇ ಇರುತ್ತದೆ. ಅದರ ಮೇಲೆ ಬೆರಳಿನಿಂದ ಅಕ್ಷರವನ್ನೂ ಬರೆಯಬಹುದು. ಚೀಲ ಮಾತ್ರ ನಿಮ್ಮ ಕಣ್ಣೆದುರೇ ಇರಲಿ, ಕಚ್ಚಿ ಹರಿದಾನು. ಪಕ್ಕದಲ್ಲಿ ಅವನಿಗೆ ಕಾಣುವ ಹಾಗೆ ಒಂದು ಒದ್ದೆ ಬಟ್ಟೆ ಇಡಿ. ಒಮ್ಮೆ ಒರೆಸಿ ತೋರಿಸಿ. ಇದು ನನಗೆ ಎಷ್ಟೋ ಸಲ ಕೈಹಿಡಿದ ಉಪಾಯ. ಮುಗಿಸುವುದು ತನ್ನ ಕೈಯಲ್ಲೇ ಇದೆ ಎಂದು ಗೊತ್ತಾದ ಮಗು ಶುರು ಮಾಡಲು ಅಷ್ಟು ಹೆದರುವುದಿಲ್ಲ.

ಮತ್ತೆ, ಅವನ ಕೈ ಮೇಲೆ ನಿಮ್ಮ ಕೈ ಇಟ್ಟು ಬರೆಸಬೇಡಿ. ನಿಮ್ಮ ಕೈ ಕೆಳಗಿರಲಿ, ಅವನ ಕೈ ಮೇಲಿರಲಿ. ಕಣ್ಣು ಕಿವಿ ಎರಡೂ ಇಲ್ಲದ ಮಕ್ಕಳಿಗೆ ಕಲಿಸುವವರು ಹೀಗೆಯೇ ಮಾಡುತ್ತಾರೆ. ಮರಳು ಮುಟ್ಟುವುದು ನಿಮ್ಮ ಬೆರಳು, ಅವನು ಆ ಚಲನೆಯನ್ನು ಅನುಭವಿಸುತ್ತಾನೆ, ಬೇಡವಾದರೆ ಯಾವ ಗಳಿಗೆಯಲ್ಲಾದರೂ ಕೈ ಎತ್ತಬಹುದು. ಟೀಚರಿಗೂ ಇದನ್ನು ತೋರಿಸಿ. ಜಗಳಕ್ಕೆ ಹೋಗಬೇಡಿ. ‘ಒತ್ತಾಯ ಮಾಡಿದರೆ ಮನೆಯಲ್ಲಿ ಎರಡು ದಿನ ಏನನ್ನೂ ಮುಟ್ಟೋದಿಲ್ಲ, ಹೀಗೆ ಮಾಡಿ ನೋಡೋಣ’ ಅಂದರೆ ಹೆಚ್ಚಿನವರು ಒಪ್ಪುತ್ತಾರೆ.

ಎಣಿಸುವ ಪ್ರಾಣಿಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಒಬ್ಬ ಹುಡುಗಿಗೆ ಮೂರು ಎಣಿಸಲು ಕಲಿಸುತ್ತಿದ್ದೆ. ಅವಳು ಆನೆಯನ್ನು ಆನೆಯ ಪಕ್ಕ, ಕುದುರೆಯನ್ನು ಕುದುರೆಯ ಪಕ್ಕ ನಿಲ್ಲಿಸಿ, ಸೊಂಡಿಲು ಒಂದೇ ಕಡೆ ತಿರುಗುವ ಹಾಗೆ ಸರಿಪಡಿಸುತ್ತಾ ಕೂತಳು. ನನಗೆ ಅವು ಮೂರು. ಅವಳಿಗೆ ಅವು ಆನೆಗಳು. ಅಂದವಾದ ಸಾಮಾನು ತನ್ನ ಕಡೆಗೇ ಗಮನ ಸೆಳೆಯುತ್ತದೆ, ಅದು ಸೂಚಿಸಬೇಕಾದ ವಿಷಯ ಹಿಂದೆ ಬೀಳುತ್ತದೆ. ಮರುದಿನ ಒಂದೇ ಬಣ್ಣದ ಮರದ ತುಂಡುಗಳನ್ನು ಕೊಟ್ಟೆ. ಎರಡು ವಾರದಲ್ಲಿ ‘ಮೂರು ಕೊಡು’ ಅಂದರೆ ಮೂರು ಕೈಗೆ ಬಂತು. ಎಣಿಸಲು ಬೇಸರದ ಸಾಮಾನೇ ಒಳ್ಳೆಯದು. ನಿಮ್ಮ ಮಗನ ಪ್ರಾಣಿಗಳನ್ನು ಆಟಕ್ಕೆ ಬಿಟ್ಟುಕೊಡಿ. ಅವುಗಳನ್ನು ಎಣಿಸುವ ಹಿಂಸೆ ಅವನಿಗೂ ಬೇಡ, ಆನೆಗೂ ಬೇಡ.

ಅಕ್ಷರಕ್ಕೆ ಬಂದರೆ, ಒಂದು ಸಲಕ್ಕೆ ಎರಡೇ ಅಕ್ಷರ ಸಾಕು, ನೋಡಲು ದೂರದೂರ ಇರುವಂಥವು. ‘ಪ’ ಮತ್ತು ‘ವ’ ಒಟ್ಟಿಗೆ ಬೇಡ. ತೋರುಬೆರಳು ಮತ್ತು ನಡುಬೆರಳು ಸೇರಿಸಿ, ಬರೆಯುವ ದಿಕ್ಕಿನಲ್ಲೇ ಸವರಬೇಕು. ಸವರುವಾಗ ಅದರ ಸದ್ದನ್ನು ನೀವು ಒಂದೇ ಸಲ ಹೇಳಿ. ಕೈ, ಕಣ್ಣು, ಕಿವಿ ಮೂರೂ ಒಂದೇ ಗಳಿಗೆಯಲ್ಲಿ ಒಂದೇ ವಿಷಯದ ಮೇಲಿದ್ದಾಗ ಮಾತ್ರ ಮರಳು ಕಾಗದಕ್ಕೆ ಬೆಲೆ. ‘ಇದು ರ, ನೋಡು ರ, ಹೇಗಿದೆ, ಒರಟಾಗಿದೆ ಅಲ್ವಾ, ಇನ್ನೊಂದ್ಸಲ ಮಾಡು ಪುಟ್ಟಾ’ ಎಂದು ನಾವು ಮಾತಿನ ಮಳೆ ಸುರಿಸಿದರೆ ಅವನ ಕಿವಿಗೆ ‘ರ’ ಸಿಗುವುದೇ ಇಲ್ಲ. ಕಾಗದ ಆದಷ್ಟು ನಯದ್ದಿರಲಿ, ಮರಗೆಲಸದ ಒರಟು ಕಾಗದ ಬೆರಳು ತುರಿಯುತ್ತದೆ. ಐದು ನಿಮಿಷ ಆದರೆ ಬಹಳವಾಯಿತು. ಅವನು ಎದ್ದು ಹೋಗುವುದಕ್ಕಿಂತ ಒಂದು ನಿಮಿಷ ಮೊದಲು ನೀವೇ ಮುಗಿಸಿ.

ಪೆನ್ಸಿಲ್ಲಿನ ಬಗ್ಗೆ ನಿಮ್ಮ ಮನೆಯವರ ಚಿಂತೆ ಪೂರ್ತಿ ತಪ್ಪೇನಲ್ಲ. ಮರಳು ಪೆನ್ಸಿಲನ್ನು ತಡ ಮಾಡುವುದಿಲ್ಲ, ಆದರೆ ಮರಳಿನಿಂದ ಪೆನ್ಸಿಲ್ಲಿಗೆ ತಾನಾಗಿ ಯಾರೂ ಜಿಗಿಯುವುದಿಲ್ಲ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆಗೆ ಒಯ್ಯುವುದೇ ಕಷ್ಟ. ಸೇತುವೆ ನಾವು ಕಟ್ಟಬೇಕು. ಮರಳಿನಲ್ಲಿ ಬೆರಳಿನಿಂದ ಬಂದದ್ದನ್ನು ಮರಳಿನಲ್ಲೇ ಕಡ್ಡಿಯಿಂದ ಮಾಡಿಸಿ. ಆಮೇಲೆ ಗೋಡೆಗೆ ನಿಲ್ಲಿಸಿದ ಕರಿಹಲಗೆಯ ಮೇಲೆ ನೀರಿನ ಬ್ರಷ್, ಆಮೇಲೆ ಸೀಮೆಸುಣ್ಣ. ನಿಂತ ಹಲಗೆಯ ಮೇಲೆ ಬರೆಯುವಾಗ ಮಣಿಕಟ್ಟು ತಾನಾಗಿ ಸರಿಯಾದ ಭಂಗಿಗೆ ಬರುತ್ತದೆ. ಕಾಗದಕ್ಕೆ ಬಂದಾಗ ಕ್ರೇಯಾನನ್ನು ಮುರಿದು ಸಣ್ಣ ತುಂಡು ಕೊಡಿ, ಮುಷ್ಟಿಯಲ್ಲಿ ಹಿಡಿಯಲು ಆಗದಷ್ಟು ಸಣ್ಣದು. ಆಗ ಬೆರಳ ತುದಿಯೇ ಕೆಲಸ ಮಾಡಬೇಕು.

ಬಾಯಿಯ ವಿಷಯ. ಎರಡು ವರ್ಷದವರೆಗೆ ಮಕ್ಕಳು ಬಾಯಿಂದಲೇ ಲೋಕ ನೋಡುತ್ತಾರೆ, ನಿಮ್ಮ ಮಗ ಅದನ್ನು ದಾಟಿದ್ದಾನೆ. ಬಾಯಿಗೆ ಹಾಕಿ ಉಗುಳುತ್ತಾನಾ, ಇಲ್ಲ ನುಂಗುತ್ತಾನಾ ಎಂದು ಗಮನಿಸಿ. ಮರಳು, ಕಾಗದ, ಸುಣ್ಣ ಇಂಥವನ್ನು ನುಂಗುತ್ತಿದ್ದರೆ ಮಕ್ಕಳ ಡಾಕ್ಟರಿಗೆ ಹೇಳಿ ರಕ್ತದಲ್ಲಿ ಕಬ್ಬಿಣದ ಅಂಶ ಮತ್ತು ಸೀಸ ಎರಡನ್ನೂ ಪರೀಕ್ಷೆ ಮಾಡಿಸಿ. ಕಬ್ಬಿಣ ಕಮ್ಮಿ ಇರುವ ಮಕ್ಕಳಲ್ಲಿ ಈ ಅಭ್ಯಾಸ ಕಾಣುತ್ತದೆ. ಕಂಡದ್ದನ್ನೆಲ್ಲ ತಿನ್ನುವ ಮಗುವಿನ ಹೊಟ್ಟೆಗೆ ಹಳೆಯ ಬಣ್ಣದ ಚಕ್ಕೆಯಿಂದ ಸೀಸ ಸೇರಬಹುದು. ಆಟದ ಸಾಮಾನಿನ ಅಳತೆಗೆ ಬಳಸುವ ಪರೀಕ್ಷಾ ಕೊಳವೆಯ ಅಡ್ಡಗಲ 31.7 ಮಿಲಿಮೀಟರ್. ಅದರೊಳಗೆ ಪೂರ್ತಿ ಇಳಿಯುವ ಯಾವುದೂ ಮೂರು ವರ್ಷದೊಳಗಿನ ಮಕ್ಕಳಿಗೆ ಬೇಡ ಎಂಬುದು ನಿಯಮ. ಬಾಯಿಗೆ ಹಾಕುವ ಮಗುವಿಗೆ ವಯಸ್ಸು ನೋಡದೆ ಇದನ್ನೇ ಅನ್ವಯಿಸಿ. ಮೇಲೆ ಹೇಳಿದ ಕ್ರೇಯಾನ್ ತುಂಡನ್ನೂ ಅವನು ಬಾಯಿಗೆ ಹಾಕುವುದನ್ನು ಬಿಟ್ಟ ಮೇಲೆಯೇ ಕೊಡಿ. ಬೆಳಕು ಬೀರುವ ಆಟಿಕೆಗಳ ಗುಂಡಿ ಬ್ಯಾಟರಿ ಮತ್ತು ಸಣ್ಣ ಅಯಸ್ಕಾಂತಗಳು ಮಣಿಗಳಷ್ಟೇ ಅಪಾಯ. ಗಂಟಲಲ್ಲಿ ಸಿಕ್ಕ ಬ್ಯಾಟರಿ ಎರಡು ಗಂಟೆಯಲ್ಲೇ ಅನ್ನನಾಳವನ್ನು ಸುಡಬಲ್ಲದು. ನೀರಾಟದ ಟಬ್ ಬಳಿ ಮಗುವನ್ನು ಒಂಟಿಯಾಗಿ ಬಿಡಬೇಡಿ, ನೀರು ನಾಲ್ಕು ಬೆರಳಷ್ಟಿದ್ದರೂ ಸರಿ.

ಇದನ್ನು ಬೇರೆ ತಾಯಂದಿರೂ ಓದುತ್ತಾರೆ, ಅವರಿಗಾಗಿ ನಾಲ್ಕು ಮಾತು. ಸ್ಪೈನಾ ಬೈಫಿಡಾ (ಹುಟ್ಟುವಾಗಲೇ ಬೆನ್ನುಮೂಳೆ ಪೂರ್ತಿ ಮುಚ್ಚಿಕೊಂಡಿರದ ತೊಂದರೆ) ಇರುವ ಮಕ್ಕಳಿಗೆ ಲೇಟೆಕ್ಸ್, ಅಂದರೆ ರಬ್ಬರ್ ಹಾಲಿನ, ಅಲರ್ಜಿ ಆಗುವ ಸಾಧ್ಯತೆ ಬಹಳ, ಅವರಿಗೆ ಬಲೂನು, ರಬ್ಬರ್ ಗ್ಲೌಸ್ ಬೇಡ. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಕೇಳಿದ್ದಕ್ಕಿಂತ ಕಂಡದ್ದು ಹೆಚ್ಚು ನೆನಪಿರುತ್ತದೆ, ಸ್ನಾಯುಗಳು ಸಡಿಲ. ಆದ್ದರಿಂದ ಕ್ಲೇ ಮೆತ್ತಗಿರಲಿ, ಜೊತೆಗೆ ಚಿತ್ರ ಇರಲಿ. ಸೆರೆಬ್ರಲ್ ಪಾಲ್ಸಿಯಲ್ಲಿ (ಮೆದುಳಿಗೆ ಆದ ಹಾನಿಯಿಂದ ಕೈಕಾಲಿನ ಚಲನೆಗೆ ತೊಂದರೆ) ಕೈ ಆಡಿದರೂ ಮುಟ್ಟಿದ್ದು ಏನು ಎಂದು ಗುರುತಿಸುವ ಶಕ್ತಿ ಕಮ್ಮಿ ಇರಬಹುದು, ಕಣ್ಣಿಗೂ ತೋರಿಸಿಯೇ ಕೊಡಿ. ಅಪಸ್ಮಾರ ಇರುವ ಮಗುವಿಗೆ ಮಿನುಗುವ ದೀಪಗಳನ್ನು ಡಾಕ್ಟರನ್ನು ಕೇಳದೆ ಬಳಸಬೇಡಿ.

ನಿಮ್ಮ ಮುಂದಿರುವ ದಾರಿಗಳೇನು? ಎಲ್ಲ ನಿಲ್ಲಿಸಿ ಪೆನ್ಸಿಲ್ ಕೊಡಬಹುದು. ಮನೆ ಶಾಂತವಾಗುತ್ತದೆ, ಆದರೆ ಅವನಿಗೆ ಹಿತವಾಗಿದ್ದ ಒಂದೇ ಜಾಗ ಹೋಗುತ್ತದೆ, ಬರೆಯುವುದೆಂದರೆ ಶಿಕ್ಷೆ ಎಂಬ ಭಾವನೆ ಬರಬಹುದು. ಈಗಿನಂತೆಯೇ ಮುಂದುವರಿಸಬಹುದು. ಆಗ ಇನ್ನೂ ಆರು ತಿಂಗಳಾದ ಮೇಲೆ ಇದೇ ಪತ್ರ ಬರೆಯುತ್ತೀರಿ. ನನ್ನ ಸಲಹೆ, ಮುಕ್ಕಾಲು ಪಾಲು ಸಾಮಾನು ಎತ್ತಿಡಿ. ಅಕ್ಷರಕ್ಕೆ ಒಂದು, ಎಣಿಕೆಗೆ ಒಂದು, ಸಮಾಧಾನಕ್ಕೆ ಒಂದು ಇರಲಿ. ಆರು ವಾರ ಲೆಕ್ಕ ಇಡಿ. ಮೊದಲ ವಾರ ಅವನು ಹಳೆಯದನ್ನು ಹುಡುಕಿ ರಂಪ ಮಾಡಬಹುದು, ಅದಕ್ಕೆ ತಯಾರಿರಿ.

ಸ್ಪರ್ಶ, ಸದ್ದು, ಚಲನೆಗಳಿಗೆ ಮಗುವನ್ನು ಹೊಂದಿಸಲು ನೋಡುವ ಸೆನ್ಸರಿ ಥೆರಪಿಗೆ ಸೇರಿಸಬೇಕಾ ಎಂದು ನೀವು ಕೇಳೇ ಕೇಳುತ್ತೀರಿ. ಉಣ್ಣುವುದು, ಸ್ನಾನ, ಉಗುರು ಕತ್ತರಿಸುವುದು, ಬಟ್ಟೆ ಹಾಕುವುದು ಇವೇ ದಿನವೂ ಯುದ್ಧವಾಗಿದ್ದರೆ ಥೆರಪಿಸ್ಟನ್ನು ಕಾಣಿ. ಇದಕ್ಕೆ ಬುನಾದಿ ಹಾಕಿದವರು ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಏರ್ಸ್. ಆದರೆ ನನ್ನ ವೃತ್ತಿಯವರೇ ಮುಚ್ಚಿಡಬಾರದ ಮಾತೂ ಇದೆ. ಇದಕ್ಕಿರುವ ಪುರಾವೆ ಸೀಮಿತ ಎಂದು ತಂದೆತಾಯಿಗೆ ತಿಳಿಸಬೇಕು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ ಹೇಳಿತು. ಭಾರದ ಹೊದಿಕೆ ಹೊದಿಸಿದರೆ ಆಟಿಸಂ ಮಕ್ಕಳು ಚೆನ್ನಾಗಿ ಮಲಗುತ್ತಾರೆ ಎಂಬುದನ್ನು 2014ರ ಒಂದು ಅಧ್ಯಯನ ಪರೀಕ್ಷಿಸಿತು. ನಿದ್ದೆ ಹೆಚ್ಚಲಿಲ್ಲ. ತಾನಾಗಿ ತೆಗೆಯಲು ಆಗದ ಮಗುವಿಗೆ ಅದು ಅಪಾಯವೂ ಹೌದು. ‘ಮೆದುಳನ್ನೇ ಹೊಸದಾಗಿ ಜೋಡಿಸುತ್ತೇವೆ’ ಎನ್ನುವವರಿಂದ ದೂರ ಇರಿ. ‘ಮೂರು ತಿಂಗಳಲ್ಲಿ ಅವನೇ ಕೈ ತೊಳೆದುಕೊಳ್ಳುವ ಹಾಗೆ ಮಾಡೋಣ, ಆಗದಿದ್ದರೆ ಬೇರೆ ಯೋಚಿಸೋಣ’ ಎನ್ನುವವರ ಬಳಿ ಹೋಗಿ. ಮಾತು ಇಷ್ಟು ಕಮ್ಮಿ ಇರುವುದರಿಂದ ಕಿವಿಯ ಪರೀಕ್ಷೆ ಆಗಿದೆಯಾ ಎಂದು ಒಮ್ಮೆ ಫೈಲ್ ತೆಗೆದು ನೋಡಿ. ಆಗಿರದಿದ್ದರೆ ಮೊದಲು ಅದನ್ನು ಮಾಡಿಸಿ.

ಕೊನೆಗೆ ಆ ಅರ್ಧ ಗಂಟೆಯ ಸುರಿಯಾಟ. ಅದನ್ನು ಬಿಡಿಸಬೇಡಿ. ದಿನಕ್ಕೆ ಒಂದು ಹೊತ್ತು ಗೊತ್ತು ಮಾಡಿ, ಕೆಳಗೊಂದು ಹಳೆಯ ಚಾದರ ಹಾಸಿ, ನೀವೂ ಒಂದು ಲೋಟ ಹಿಡಿದು ಎದುರು ಕೂತುಕೊಳ್ಳಿ. ಅಕ್ಷರ ಬೇಡ, ಪ್ರಶ್ನೆ ಬೇಡ. ಅವನು ಸುರಿದಷ್ಟೇ ನೀವೂ ಸುರಿಯಿರಿ, ಅವನು ನಿಂತಾಗ ನಿಲ್ಲಿ. ಒಂದು ದಿನ ಅವನು ಖಾಲಿ ಲೋಟವನ್ನು ನಿಮ್ಮ ಕಡೆ ಚಾಚಿದರೆ ‘ಹಾಕು’ ಎಂಬ ಒಂದೇ ಪದ ಹೇಳಿ, ಮರಳು ಹಾಕಿ.